ಏಳನೇ ಇಯತ್ತೆಯವರೆಗಿನ ನಮ್ಮ ಕನ್ನಡ ಶಾಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ ಈಗ ಶಾಲೆಗಳ ಶತಮಾನೋತ್ಸವದ ಕಾಲ. ಪೆಂಡಾಲು ಏಳುವ ಮೊದಲು ಸ್ಮರಣ ಸಂಚಿಕೆಯ ಸಮಿತಿ ಆಗುತ್ತದೆ, ಸಮಿತಿ ಆದೊಡನೆ ಶಾಲೆಯ ಇತಿಹಾಸ ಬರೆಯುವವರು ಯಾರು ಎಂಬ ಮಾತು ಬರುತ್ತದೆ. ಆ ಕೆಲಸಕ್ಕೆ ಕೈಹಾಕಿದವರು, ಹಳೆಯ ವಿದ್ಯಾರ್ಥಿಗಳು, ಈಗಿನ ಪಾಲಕರು ಸಭೆಯಲ್ಲಿ, ಪತ್ರದಲ್ಲಿ, ಬಸ್ ನಿಲ್ದಾಣದಲ್ಲಿ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಇದು ಒಂದೇ ಶಾಲೆಯ ಕಥೆಯಲ್ಲ. ಕರಾವಳಿಯ ಯಾವ ಹಳೆಯ ಹಿರಿಯ ಪ್ರಾಥಮಿಕ ಶಾಲೆಗಾದರೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಸುಲಭದ ಪ್ರಶ್ನೆಗಳು ಮೊದಲು, ತಲೆನೋವಿನವು ಕೊನೆಗೆ.

## ಮೊದಲ ಪರಿಚಯ

ಹಿರಿಯ ಪ್ರಾಥಮಿಕ ಶಾಲೆ, ಹೈಸ್ಕೂಲು ಎರಡೂ ಒಂದೇ ಅಂಗಳದಲ್ಲಿವೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ?

ಕರ್ನಾಟಕದಲ್ಲಿ ಒಂದರಿಂದ ನಾಲ್ಕು ಅಥವಾ ಐದರವರೆಗೆ ಕಿರಿಯ ಪ್ರಾಥಮಿಕ, ಏಳರವರೆಗೆ ಇದ್ದರೆ ಹಿರಿಯ ಪ್ರಾಥಮಿಕ, ಎಂಟರಿಂದ ಹತ್ತು ಪ್ರೌಢಶಾಲೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಯವರೆಗಿನದನ್ನು ಪ್ರಾಥಮಿಕ ಶಿಕ್ಷಣವೆಂದೇ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಿಗೆ ಎಂಟನೇ ತರಗತಿ ಸೇರಿತು, ಉಳಿದ ಕಡೆ ಹಳೆಯ ಏರ್ಪಾಟೇ ಮುಂದುವರಿದಿದೆ. ಅಂಗಳ ಒಂದೇ ಇದ್ದರೂ ಮುಖ್ಯಾಧ್ಯಾಪಕರು ಬೇರೆ, ದಾಖಲೆ ಪುಸ್ತಕ ಬೇರೆ. ಇತಿಹಾಸ ಹುಡುಕುವವರು ಮೊದಲು ಯಾವ ಕೋಣೆಯ ಬಾಗಿಲು ತಟ್ಟಬೇಕು ಎಂಬುದು ಇದರಿಂದಲೇ ನಿರ್ಧಾರವಾಗುತ್ತದೆ.

ಫಲಕದಲ್ಲಿ ಒಂದು ಇಸವಿ ಇದೆ, ಹಿರಿಯರು ಇನ್ನೊಂದು ಹೇಳುತ್ತಾರೆ. ಶಾಲೆ ಹುಟ್ಟಿದ್ದು ಯಾವಾಗ?

ಇಬ್ಬರೂ ಸರಿ ಇರುವ ಸಾಧ್ಯತೆಯೇ ಹೆಚ್ಚು. ನಮ್ಮ ಶಾಲೆಗಳು ಒಂದೇ ದಿನ ಹುಟ್ಟಿದವಲ್ಲ. ಮೊದಲು ಯಾರದೋ ಮನೆಯ ಜಗಲಿಯಲ್ಲೋ ದೇವಸ್ಥಾನದ ಚಂದ್ರಶಾಲೆಯಲ್ಲೋ ಐಗಳೊಬ್ಬರು ಮಳಲಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಊರವರು ಅವರಿಗೆ ಅಕ್ಕಿ, ತೆಂಗಿನಕಾಯಿ ಕೊಟ್ಟು ಸಾಕುತ್ತಿದ್ದರು. ಆಮೇಲೆ ಸರಕಾರದ ಮಂಜೂರಾತಿ ಬಂತು. ಅದಾಗಿ ವರ್ಷಗಳು ಕಳೆದ ಮೇಲೆ ಸ್ವಂತ ಕಟ್ಟಡವಾಯಿತು. ಇನ್ನೂ ಎಷ್ಟೋ ಕಾಲದ ಮೇಲೆ ಏಳನೆಯವರೆಗಿನ ಪೂರ್ಣ ಶಾಲೆಯಾಯಿತು. ಹೀಗೆ ನಾಲ್ಕು ಹುಟ್ಟುಗಳು. ಫಲಕ ಬರೆಸಿದವರು ತಮಗೆ ಸಿಕ್ಕ ಕಾಗದದ ಇಸವಿ ಹಾಕಿಸಿರುತ್ತಾರೆ, ಅಜ್ಜಂದಿರು ಐಗಳ ಕಾಲವನ್ನು ನೆನೆಯುತ್ತಿರುತ್ತಾರೆ. ಸಂಚಿಕೆಯಲ್ಲಿ ನಾಲ್ಕನ್ನೂ ಬೇರೆ ಬೇರೆಯಾಗಿ ಬರೆಯಿರಿ. ಒಂದನ್ನೇ ಹಿಡಿದು ಜಗಳವಾಡಿ ಸಮಿತಿ ಒಡೆದ ಊರುಗಳಿವೆ.

ಹಳೆಯ ಕಾಗದಗಳಲ್ಲೆಲ್ಲ ಮುಂಬಯಿ, ಮುಂಬಯಿ ಎಂದಿದೆ. ಕನ್ನಡ ಶಾಲೆಗೂ ಮುಂಬಯಿಗೂ ಎಲ್ಲಿಯ ನಂಟು?

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಆಮೇಲೆ ಜಿಲ್ಲೆಯನ್ನು ಉತ್ತರ, ದಕ್ಷಿಣ ಎಂದು ಒಡೆದು 1862ರಲ್ಲಿ ಉತ್ತರದ ಪಾಲನ್ನು ಮುಂಬಯಿಗೆ ಕೊಟ್ಟರು. ಕಾರಣ ಹತ್ತಿ. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಹಡಗಿಗೆ ಏರಿಸಬೇಕು, ಬೆಳೆಯುವ ನಾಡೂ ಬಂದರೂ ಒಂದೇ ಆಡಳಿತದಲ್ಲಿರಬೇಕು ಎಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒತ್ತಡ ಹಾಕಿದ್ದರು. ಬಂದರು ಅವರು ಎಣಿಸಿದಷ್ಟು ಬೆಳೆಯಲಿಲ್ಲ, ಶಾಲೆಗಳು ಮಾತ್ರ ಮುಂಬಯಿ ಪದ್ಧತಿಗೆ ಬಿದ್ದವು. ಇಯತ್ತೆ (ತರಗತಿ), ಮುಲ್ಕಿ (ಏಳನೆಯದರ ಪರೀಕ್ಷೆ), ಗ್ಯಾದರಿಂಗ್ (ಶಾಲೆಯ ವಾರ್ಷಿಕೋತ್ಸವ) ಎಂಬ ಮಾತುಗಳು ಬಂದದ್ದು ಆ ದಾರಿಯಲ್ಲಿ. ಮದ್ರಾಸಿನಲ್ಲೇ ಉಳಿದ ಕುಂದಾಪುರದವರಿಗೆ ಇವು ಅಷ್ಟಾಗಿ ತಿಳಿಯುವುದಿಲ್ಲ, ಮುಂಬಯಿ ಆಡಳಿತದಲ್ಲಿದ್ದ ಹುಬ್ಬಳ್ಳಿಯವರಿಗೆ ತಿಳಿಯುತ್ತವೆ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, 1977ರಲ್ಲಿ ಉತ್ತರ ಕನ್ನಡ ಎಂಬ ಹೆಸರಾಯಿತು. ಆದ್ದರಿಂದ ನೂರು ದಾಟಿದ ಶಾಲೆಯ ದಾಖಲೆಯಲ್ಲಿ ಎರಡು ಸರಕಾರಗಳ ಮೊಹರು ಸಿಗುವುದು ಸಹಜ.

ಅಜ್ಜ ಮುಲ್ಕಿ ಪಾಸು ಎಂದು ಮನೆಯಲ್ಲಿ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಅದು ಯಾವ ಪರೀಕ್ಷೆ?

ಕನ್ನಡ ಏಳನೇ ಇಯತ್ತೆ ಮುಗಿಸಿ ಬರೆಯುತ್ತಿದ್ದ ಸಾರ್ವಜನಿಕ ಪರೀಕ್ಷೆ. ಆಗ ನಾಲ್ಕನೆಯ ಇಯತ್ತೆ ಮುಗಿದಲ್ಲಿ ದಾರಿ ಎರಡಾಗಿ ಒಡೆಯುತ್ತಿತ್ತು. ಕೈಯಲ್ಲಿ ಕಾಸಿದ್ದವರು ಪೇಟೆಯ ಇಂಗ್ಲಿಷ್ ಶಾಲೆ ಸೇರಿ, ಇಂಗ್ಲಿಷ್ ಒಂದನೆಯದರಿಂದ ಏಳನೆಯವರೆಗೆ ಓದಿ ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಕಟ್ಟುತ್ತಿದ್ದರು. ಉಳಿದವರು ಊರಲ್ಲೇ ಕನ್ನಡದಲ್ಲಿ ಏಳರವರೆಗೆ ಓದಿ ಮುಲ್ಕಿಗೆ ಕೂರುತ್ತಿದ್ದರು. ಪಾಸಾದವರಿಗೆ ಮಾಸ್ತರಿಕೆಯ ಬಾಗಿಲು, ಕಂದಾಯ ಖಾತೆಯ ಸಣ್ಣ ನೌಕರಿಗಳ ಬಾಗಿಲು ತೆರೆಯುತ್ತಿತ್ತು. ಮಾಸ್ತರಾದವರು ಮುಂದೆ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗಿ ತರಬೇತಿ ಪಡೆದು ಬರುತ್ತಿದ್ದರು. ಅಜ್ಜನ ಕೈಬರಹ ಅಚ್ಚಿನಂತಿದ್ದು, ಬಡ್ಡಿಯ ಲೆಕ್ಕ ಬಾಯಲ್ಲೇ ಬಿಡಿಸುತ್ತಿದ್ದರೆ ಮುಲ್ಕಿಯ ಮಾತು ನಂಬಬಹುದು.

ನಮ್ಮ ಮನೆಯ ಹಿರಿಯರೆಲ್ಲರೂ ಜೂನ್ 1ರಂದೇ ಹುಟ್ಟಿದ್ದಾರೆ! ಇದು ಹೇಗೆ ಸಾಧ್ಯ?

ಸಾಧ್ಯವಿಲ್ಲ. ಶಾಲೆ ಶುರುವಾಗುವ ಜೂನ್ ತಿಂಗಳಿಗೆ ವಯಸ್ಸು ಸರಿಹೊಂದಲಿ ಎಂದು ಮಾಸ್ತರು ಬರೆದುಕೊಂಡ ತಾರೀಖು ಅದು. ಮಗುವನ್ನು ಕರೆತಂದ ತಂದೆಗೆ ಗೊತ್ತಿದ್ದದ್ದು 'ದೊಡ್ಡ ಮಳೆಯ ವರ್ಷದ ಚೌತಿಯ ಹಿಂಚು ಮುಂಚು' ಎಂಬಷ್ಟೇ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಆರು ವರ್ಷವಾಯಿತೆಂದು ಲೆಕ್ಕ. ಆ ಅಂದಾಜಿನ ಮೇಲೆ ಮುಂದೆ ನೌಕರಿ, ಬಡ್ತಿ, ನಿವೃತ್ತಿ, ಪಿಂಚಣಿ ಎಲ್ಲವೂ ನಡೆದವು. ಮೇ 31ರಂದು ಒಂದೇ ಕಚೇರಿಯಲ್ಲಿ ನಾಲ್ಕಾರು ಜನರಿಗೆ ಒಟ್ಟಿಗೆ ಶಾಲು ಹೊದಿಸುವ ಸಮಾರಂಭ ನೋಡಿದ್ದರೆ, ಅದರ ಮೂಲ ಇಲ್ಲಿದೆ.

## ಪದ್ಧತಿ, ಹಬ್ಬ, ಊಟ, ಪಾಠ

ಒಬ್ಬರೇ ಮಾಸ್ತರು ನಾಲ್ಕು ಇಯತ್ತೆಗೆ ಹೇಗೆ ಪಾಠ ಮಾಡುತ್ತಿದ್ದರು?

ಕೂಗಿಸಿ. ಒಂದನೆಯವರು ಪಾಟಿಯ ಮೇಲೆ ಅಕ್ಷರ ತಿದ್ದುತ್ತಿದ್ದರೆ, ಎರಡನೆಯವರು ಮಗ್ಗಿ ಹೇಳುತ್ತಿದ್ದರು, ಮೂರನೆಯವರಿಗೆ ಶುದ್ಧಬರಹ, ನಾಲ್ಕನೆಯವರಿಗೆ ಲೆಕ್ಕ. ನಾಲ್ಕನೆಯ ಇಯತ್ತೆಯ ಜಾಣ ಹುಡುಗ ಚಿಕ್ಕವರಿಗೆ ಮಗ್ಗಿ ಹೇಳಿಕೊಡುವ ಅರೆಮಾಸ್ತರ. ಶಾಲೆ ಬಿಡುವ ಮೊದಲು ಎಲ್ಲರೂ ಸಾಲಾಗಿ ನಿಂತು ಒಕ್ಕೊರಲಿನಿಂದ ಮಗ್ಗಿ ಹೇಳುವುದು ಕಡ್ಡಾಯವಾಗಿತ್ತು. ಗದ್ದೆಯಲ್ಲಿದ್ದವರು ಆ ಸದ್ದು ಕೇಳಿ ಸಂಜೆಯಾಯಿತೆಂದು ಎತ್ತು ಬಿಚ್ಚುತ್ತಿದ್ದರು.

ಮಗ್ಗಿ ಎಂದರೆ ಈಗಿನ ಇಪ್ಪತ್ತರವರೆಗಿನದಲ್ಲ. ಕಾಲಿನ ಮಗ್ಗಿ ಪಾವಕಿ, ಅರೆಯದು ನಿಮಕಿ, ಒಂದೂವರೆಯದು ದೀಡಕಿ, ಎರಡೂವರೆಯದು ಅಡೀಚಕಿ. ಇವು ಹುಡುಗರನ್ನು ಸತಾಯಿಸಲು ಹುಟ್ಟಿದವಲ್ಲ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಇದ್ದ ಕಾಲದಲ್ಲಿ ಸೇರಿಗೆ ಎರಡೂವರೆ ಆಣೆಯಂತೆ ಏಳು ಸೇರು ಅಕ್ಕಿಗೆ ಎಷ್ಟೆಂದು ಅಂಗಡಿಯವನು ಕೇಳಿದರೆ ಅಡೀಚಕಿ ಬಂದವನ ಬಾಯಲ್ಲಿ ಹದಿನೇಳೂವರೆ ಎಂದು ಥಟ್ಟನೆ ಬರುತ್ತಿತ್ತು. ಅಂದರೆ ಒಂದು ರೂಪಾಯಿ ಒಂದೂವರೆ ಆಣೆ. 1957ರ ಏಪ್ರಿಲ್ 1ರಂದು ನಯೇ ಪೈಸೆ ಬಂತು, ಹಿಂದೆಯೇ ಕಿಲೋಗ್ರಾಮು, ಲೀಟರು ಬಂದವು. ಅಡೀಚಕಿ ನೆಲೆ ತಪ್ಪಿತು. ಅದನ್ನು ಬಾಯಿಪಾಠ ಮಾಡಿದ ಕೊನೆಯ ತಲೆಮಾರಿಗೆ ಈಗ ಎಂಬತ್ತರ ಆಸುಪಾಸು. ಸಂಚಿಕೆಗಾಗಿ ಅವರ ಭಾಷಣ ಬೇಡಿ, ಮಗ್ಗಿ ಹೇಳಿಸಿ ಧ್ವನಿ ಮುದ್ರಿಸಿಕೊಳ್ಳಿ.

ಮನೆಯಲ್ಲಿ ಕೊಂಕಣಿ, ನೆರೆಯಲ್ಲಿ ಮರಾಠಿ, ಭಟ್ಕಳದ ಮುಸ್ಲಿಮರ ನವಾಯತಿ. ಶಾಲೆ ಮಾತ್ರ ಕನ್ನಡ. ಮಕ್ಕಳು ಹೇಗೆ ನಿಭಾಯಿಸಿದರು?

ಈ ಪ್ರಶ್ನೆ ಹೆಚ್ಚಾಗಿ ಹೊರಗಿನವರದು. ಇಲ್ಲಿ ಬೆಳೆದವರಿಗೆ ಇದೊಂದು ಪ್ರಶ್ನೆಯೆಂದು ಹೊಳೆಯುವುದೂ ಇಲ್ಲ. ಕಾರವಾರ ಕಡೆಯ ಮಗು ಅಮ್ಮನ ಜೊತೆ ಒಂದು ಭಾಷೆ, ಮೀನುಪೇಟೆಯಲ್ಲಿ ಇನ್ನೊಂದು, ಪಾಟಿಯ ಮೇಲೆ ಮತ್ತೊಂದು ಎಂದು ಆರು ವರ್ಷಕ್ಕೇ ವಿಂಗಡಿಸಿಕೊಂಡಿರುತ್ತದೆ. ಒಂದನೆಯ ಇಯತ್ತೆಯ ಮಾಸ್ತರಿಗೆ ಕೊಂಕಣಿ ಬಂದರೆ ದಾರಿ ಸುಲಭ, ಘಟ್ಟದ ಮೇಲಿನಿಂದ ವರ್ಗವಾಗಿ ಬಂದವರಾದರೆ ಮೊದಲ ಆರು ತಿಂಗಳು ಮಕ್ಕಳೇ ಮಾಸ್ತರಿಗೆ ಕಲಿಸಬೇಕು. ಹಾಲಕ್ಕಿ ಒಕ್ಕಲಿಗರ ಮಕ್ಕಳ ಮನೆಮಾತು ಕನ್ನಡವೇ. ಆದರೂ ಪುಸ್ತಕದ ಕನ್ನಡಕ್ಕೂ ಅದಕ್ಕೂ ಇರುವ ದೂರ ಕೊಂಕಣಿಗಿಂತ ಕಡಿಮೆಯೇನಲ್ಲ. ಆ ಮಕ್ಕಳ ಮಾತನ್ನು ತಿದ್ದುವ ಭರದಲ್ಲಿ ಎಷ್ಟೋ ಮಾಸ್ತರುಗಳು ಅವರ ಬಾಯಿಯನ್ನೇ ಕಟ್ಟಿದರು ಎಂಬುದನ್ನೂ ಸಂಚಿಕೆಯಲ್ಲಿ ಬರೆಯಬೇಕು. ಅಂಕೋಲೆಯ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಸನ್ಮಾನಕ್ಕೆ ಹಾರ ಹಿಡಿದು ಓಡಿದವರಲ್ಲಿ ಶಾಲೆಗಳೂ ಇದ್ದವು. ಅವರು ಹಾಡಿದ್ದು ಆ ತಿದ್ದದ ಕನ್ನಡದಲ್ಲೇ.

ಗೋಕರ್ಣದ ಗೌರೀಶ ಕಾಯ್ಕಿಣಿಯವರ ಮನೆಮಾತು ಕೊಂಕಣಿ. ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಮಾಸ್ತರಾಗಿದ್ದುಕೊಂಡೇ ಅವರು ಕನ್ನಡದ ದೊಡ್ಡ ವಿಮರ್ಶಕರಾದರು. ಈ ಕರಾವಳಿಯಲ್ಲಿ ಅಂಥವರು ಇನ್ನೂ ಹಲವರಿದ್ದಾರೆ. ಜಿಲ್ಲೆಯಲ್ಲಿ ಮರಾಠಿ, ಉರ್ದು ಮಾಧ್ಯಮದ ಸರಕಾರಿ ಶಾಲೆಗಳೂ ಇವೆ, ಭಟ್ಕಳದಲ್ಲಿ 1919ರಲ್ಲಿ ಹುಟ್ಟಿದ ಅಂಜುಮನ್ ಸಂಸ್ಥೆಯ ಶಾಲೆಗಳಿವೆ. ಅವುಗಳ ಇತಿಹಾಸ ಬೇರೆಯೇ ಬರೆಯಬೇಕಾದಷ್ಟು ದೊಡ್ಡದು.

ಸರಕಾರಿ ಶಾಲೆಯಲ್ಲಿ ಗಣಪತಿ ಕೂರಿಸುವುದು, ಶಾರದಾ ಪೂಜೆ ಮಾಡುವುದು ಎಂದಿನಿಂದ? ಇದು ಸರಿಯೇ?

ಶಾರದಾ ಪೂಜೆ ನವರಾತ್ರಿಯ ಹಳೆಯ ಪದ್ಧತಿ. ಪಾಟಿ, ಪುಸ್ತಕ ಪೂಜೆಗಿಟ್ಟ ದಿನ ಓದುವಂತಿಲ್ಲ ಎಂಬುದೇ ಮಕ್ಕಳಿಗೆ ಅದರ ಮುಖ್ಯ ಆಕರ್ಷಣೆ. ಸಾರ್ವಜನಿಕ ಗಣೇಶೋತ್ಸವ 1893ರಲ್ಲಿ ತಿಲಕರು ಪುಣೆಯಲ್ಲಿ ಬೆಳೆಸಿದ್ದು, ಅದು ಮುಂಬಯಿ ಪ್ರಾಂತ್ಯದ ಊರುಗಳಿಗೆಲ್ಲ ಹರಡಿತು. ನಮ್ಮ ಕಡೆ ಶಾಲೆಯ ಗಣಪತಿಯ ಸೊಗಸು ಇರುವುದು ತಲೆಯ ಮೇಲೆ ಕಟ್ಟುವ ಫಲಾವಳಿಯಲ್ಲಿ. ಯಾರ ಮನೆಯಿಂದ ಸೌತೆಕಾಯಿ, ಯಾರ ಮನೆಯಿಂದ ಸಿಂಗಾರದ ಗೊನೆ, ಗುಡ್ಡದಿಂದ ಯಾವ ಕಾಡುಹಣ್ಣಿನ ಗೊಂಚಲು ಎಂದು ಮಕ್ಕಳೇ ಹಂಚಿಕೊಂಡು ತರುತ್ತಾರೆ. ಕಟ್ಟುವುದು ಮಾತ್ರ ಏಳನೆಯವರ ಹಕ್ಕು. ಕುರ್ಚಿಯ ಮೇಲೆ ಬೆಂಚು, ಬೆಂಚಿನ ಮೇಲೆ ಅತಿ ಉದ್ದದ ಹುಡುಗ, ಕೆಳಗೆ ಬಾಳೆನಾರು ಹಿಡಿದು ನಿಂತ ಇಡೀ ತರಗತಿ.

ಸರಿಯೇ ಎಂದರೆ, ಪೂರ್ತಿ ಸರಕಾರದ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಹಬ್ಬ ಬೋಧನೆಯೇ ಎಂಬ ವಾದ ಬೇರೆ. ನನ್ನ ಮಟ್ಟಿಗೆ ಅಳತೆ ಇಷ್ಟೇ: ಪಂಚಕಜ್ಜಾಯಕ್ಕೆ ಎಲ್ಲರೂ ಬರಬಹುದು, ಆರತಿಗೆ ಯಾರನ್ನೂ ಎಳೆಯಬಾರದು. ಮೊದಲಿನ ಮಾಸ್ತರುಗಳಲ್ಲಿ ಹಲವರು ಇದನ್ನು ಯಾವ ವಿಧಿ ಓದದೆಯೇ ಪಾಲಿಸಿದ್ದರು.

ಗ್ಯಾದರಿಂಗಿನಲ್ಲಿ ಯಕ್ಷಗಾನ ಇಲ್ಲದಿದ್ದರೆ ಊರವರು ಏಕೆ ಮುನಿಯುತ್ತಾರೆ?

ಏಕೆಂದರೆ ಅವರು ಬಂದದ್ದೇ ಅದಕ್ಕೆ. ವರದಿ ವಾಚನ, ಬಹುಮಾನ ವಿತರಣೆ, ಅತಿಥಿಗಳ ಹಿತವಚನ ಇವೆಲ್ಲ ರಾತ್ರಿಯ ಆಟಕ್ಕೆ ಮೊದಲು ಸಹಿಸಿಕೊಳ್ಳಬೇಕಾದ ಸಂಗತಿಗಳು. ಹೊನ್ನಾವರ, ಕುಮಟಾ ಸೀಮೆ ಯಕ್ಷಗಾನದ ಬಡಗುತಿಟ್ಟಿನ (ಉತ್ತರದ ಶೈಲಿಯ) ತವರು. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಇಂಥ ನೆಲದಲ್ಲಿ ಏಳನೆಯ ಇಯತ್ತೆಯ ಹುಡುಗನ ಬಭ್ರುವಾಹನನನ್ನು ಮೌಲ್ಯಮಾಪನ ಮಾಡಲು ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಂದಿರು ಸಾಮಾನ್ಯರಲ್ಲ. ತಾಳ ತಪ್ಪಿದರೆ ಅಲ್ಲಿಯೇ ಕೆಮ್ಮು ಕೇಳಿಸುತ್ತದೆ.

ಶಾಲೆಯ ಆಟಕ್ಕೆ ಪ್ರಸಂಗಗಳೂ ಗೊತ್ತಾದವೇ. ಎಳೆಯ ಪಾತ್ರಗಳಿಗೆ ಮಾತು ಹೆಚ್ಚಿರುವ ಲವಕುಶ, ಬಭ್ರುವಾಹನ, ಅಭಿಮನ್ಯು. ತಾಲೀಮು ಡಿಸೆಂಬರಿನಿಂದಲೇ ಸುರು. ಅರ್ಥಗಾರಿಕೆಯನ್ನು (ಪಾತ್ರದ ಮಾತನ್ನು) ಮಾಸ್ತರು ಬರೆದು ಕೊಟ್ಟಿರುತ್ತಾರೆ, ಹುಡುಗರು ಉರುಹೊಡೆದಿರುತ್ತಾರೆ. ಗೆಜ್ಜೆ, ಕಿರೀಟ ಬಾಡಿಗೆಗೆ ಬರುತ್ತವೆ, ಅಳತೆ ದೊಡ್ಡವರದು. ಕಿರೀಟದೊಳಗೆ ಬಟ್ಟೆ ತುರುಕಿ ತಲೆಗೆ ಕೂರಿಸಬೇಕು. ಮೊದಲು ಹೆಣ್ಣು ವೇಷವನ್ನೂ ಗಂಡು ಹುಡುಗರೇ ಕಟ್ಟುತ್ತಿದ್ದರು. ಈಗ ಬಹಳ ಕಡೆ ಅರ್ಜುನನೇ ಹುಡುಗಿ, ಅದಕ್ಕೆ ಮುನಿಯುವವರು ಯಾರೂ ಉಳಿದಿಲ್ಲ. ಬಾಯಿ ತೆರೆಯಲು ಹೆದರುವ ಮಗು ರಂಗದ ಮೇಲೆ ಎರಡು ಗಂಟೆ ವಾದ ಮಾಡುವುದನ್ನು ಕಂಡವರು ಯಕ್ಷಗಾನ ಪಠ್ಯೇತರ ಚಟುವಟಿಕೆ ಎಂಬ ಮಾತನ್ನು ಒಪ್ಪುವುದಿಲ್ಲ. ಕನ್ನಡದಲ್ಲಿ ತರ್ಕಿಸುವುದನ್ನು ಈ ಕರಾವಳಿಯ ಮಕ್ಕಳು ಕಲಿತದ್ದು ವ್ಯಾಕರಣದಿಂದಲ್ಲ, ಅರ್ಥಗಾರಿಕೆಯಿಂದ.

ಇಂಥ ಮಳೆಯಲ್ಲಿ ಶಾಲೆ ನಡೆಸುತ್ತಿದ್ದರೇ?

ನಡೆಸುತ್ತಿದ್ದರು. ಜಿಲ್ಲಾಧಿಕಾರಿ ರಜೆ ಘೋಷಿಸಿದರೆಂದು ಮೊಬೈಲಿನಲ್ಲಿ ಸುದ್ದಿ ಬರುವ ಕಾಲ ಅದಾಗಿರಲಿಲ್ಲ. ಕಂಬಳಿಕೊಪ್ಪೆ ಹೊದ್ದು, ಪಾಟಿಚೀಲವನ್ನು ಹೊಟ್ಟೆಗೆ ಅವುಚಿಕೊಂಡು, ಹಳ್ಳದ ಸಂಕ (ಕಾಲುಸೇತುವೆ) ದಾಟಿ ಬರಬೇಕು. ಸಂಕದ ಮೇಲೆ ನೀರು ಹರಿದರೆ ಆಚೆ ದಡದ ಮಕ್ಕಳಿಗೆ ರಜೆ, ಈಚೆ ದಡದವರಿಗೆ ಅಸೂಯೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ದಂಡೆಯ ಊರುಗಳಲ್ಲಿ ದೋಣಿ ಬಿಡುವವನೇ ಶಾಲೆಯ ವೇಳಾಪಟ್ಟಿ ನಿರ್ಧರಿಸುತ್ತಿದ್ದ. ಜೂನ್ ಮೊದಲು ಜಗಲಿಗೆ ತೆಂಗಿನ ಗರಿಯ ತಟ್ಟಿ ಕಟ್ಟುವುದು, ಒಡೆದ ಹಂಚು ಬದಲಿಸುವುದು ಊರವರ ಪಾಳಿಯ ಕೆಲಸ. ಈಗಲೂ ನೆರೆ ಬಂದರೆ ಊರವರಿಗೆ ಕಾಳಜಿ ಕೇಂದ್ರವಾಗುವುದು ಇದೇ ಶಾಲೆ.

ಬಿಸಿಯೂಟಕ್ಕೂ ಮುಂಚೆ ಮಕ್ಕಳು ಏನು ತಿನ್ನುತ್ತಿದ್ದರು?

ಮನೆ ಹತ್ತಿರದವರು ಗಂಜಿ ಉಂಡು ಬರುತ್ತಿದ್ದರು, ದೂರದವರು ಬಾವಿಯ ನೀರು ಕುಡಿಯುತ್ತಿದ್ದರು. ಆಮೇಲೆ ಅಮೆರಿಕದ ನೆರವು ಸಂಸ್ಥೆ ಕೇರ್‌ನ ಉಪ್ಪಿಟ್ಟು, ಹಾಲಿನ ಪುಡಿ ಬಂತು. ಐವತ್ತು ದಾಟಿದವರಲ್ಲಿ ಆ ಹಳದಿ ಉಪ್ಪಿಟ್ಟಿನ ವಾಸನೆ ಮರೆತವರಿಲ್ಲ. 1995ರ ಆಗಸ್ಟ್ 15ರಿಂದ ಕೇಂದ್ರದ ಯೋಜನೆಯಲ್ಲಿ ಹಾಜರಾತಿ ಸರಿಯಿದ್ದ ಮಗುವಿಗೆ ತಿಂಗಳಿಗೆ ಮೂರು ಕಿಲೋ ಧಾನ್ಯ ಮನೆಗೆ ಹೋಗತೊಡಗಿತು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದೆಡೆಗೂ ಬಂತು. ಕ್ಷೀರಭಾಗ್ಯದ ಹಾಲು 2013ರ ಆಗಸ್ಟ್ 1ರಿಂದ. ಒಂದೇ ಸಾಲಿನಲ್ಲಿ ಕೂತು ಒಂದೇ ಪಾತ್ರೆಯ ಅನ್ನ ಉಣ್ಣುವುದು ಕೆಲವು ಊರುಗಳಲ್ಲಿ ಸುಲಭವಾಗಿ ನಡೆಯಲಿಲ್ಲ. ಸ್ಮರಣ ಸಂಚಿಕೆಗಳು ಈ ಪುಟವನ್ನು ಹಾರಿಸಿಬಿಡುತ್ತವೆ.

ಶಾಲೆಯ ನೆಲವನ್ನು ಮಕ್ಕಳೇ ಸಾರಿಸುತ್ತಿದ್ದರು ಎಂಬುದು ನಿಜವೇ?

ನಿಜ. ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ ಸೆಗಣಿ ತಂದು ಸಾರಿಸುವುದು ವಾಡಿಕೆ. ಹುಡುಗರು ನೀರು ಹೊರುತ್ತಿದ್ದರು, ಸಾರಿಸುವುದು ಹುಡುಗಿಯರ ಪಾಲು. ಶ್ರಮದಾನ ಎಂದು ಇದನ್ನು ಹಾಡಿ ಹೊಗಳುವವರು ಆ ಪಾಲು ಹಂಚಿಕೆಯನ್ನೂ ಹೇಳಲಿ.

## ಸ್ವಲ್ಪ ಆಳಕ್ಕೆ ಇಳಿದರೆ

ಈಗ ಹುಡುಗ ಹುಡುಗಿಯರು ಒಟ್ಟಿಗೆ ಓದುತ್ತಾರೆ. ಆದರೂ ಹೆಸರು 'ಗಂಡು ಮಕ್ಕಳ ಶಾಲೆ' ಏಕೆ?

ಪೇಟೆಗಳಲ್ಲಿ ಗಂಡು, ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶಾಲೆ ತೆರೆದಿದ್ದರ ಗುರುತು ಅದು. ಹೆಣ್ಣು ಮಕ್ಕಳ ಶಾಲೆಗೆ ಅಕ್ಕೋರು (ಶಿಕ್ಷಕಿ) ಸಿಕ್ಕರೆ ಮಾತ್ರ ಕಳಿಸುತ್ತೇವೆ ಎಂಬ ಮನೆಗಳಿದ್ದವು. ಶಾಲೆಗಳು ಮುಂದೆ ಕೂಡಿಕೊಂಡವು, ದಾಖಲೆಯ ಹೆಸರು ಉಳಿಯಿತು. ಬದಲಿಸಲೇಬೇಕೆಂದೇನೂ ಇಲ್ಲ. ಆ ಹೆಸರಿನ ಕೆಳಗೆ ಎರಡು ಜಡೆಯ ಹುಡುಗಿ ಧ್ವಜ ಏರಿಸುವುದು ಚೆನ್ನಾಗಿಯೇ ಕಾಣುತ್ತದೆ.

ನಮ್ಮ ಶಾಲೆಯ ಹುಡುಗರು ಉಪ್ಪಿನ ಸತ್ಯಾಗ್ರಹದಲ್ಲಿ ಪಾಲುಗೊಂಡಿದ್ದರಂತೆ. ಬರೆಯಬಹುದೇ?

ಆಧಾರ ಇದ್ದರೆ ಬರೆಯಿರಿ. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದದ್ದು ಎಲ್ಲರಿಗೂ ತಿಳಿದ ಸಂಗತಿ. ಆ ಬಳಿಕದ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರದ ರೈತರು ಮನೆಮಠ ಕಳೆದುಕೊಂಡದ್ದೂ ಹೌದು. ಅಂದಮಾತ್ರಕ್ಕೆ ತಾಲೂಕಿನ ಪ್ರತಿ ಶಾಲೆಯೂ ಸತ್ಯಾಗ್ರಹದ ಶಾಲೆಯಾಗುವುದಿಲ್ಲ. ನೋಡಬೇಕಾದ ಜಾಗ ದಾಖಲೆ ಪುಸ್ತಕದ ಕೊನೆಯ ಅಂಕಣಗಳು. ಅಲ್ಲಿ ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ, ಶೇರಾ (ಟಿಪ್ಪಣಿ) ಎಂಬ ಮೂರು ಕಲಮುಗಳಿರುತ್ತವೆ. 1930ರಿಂದ 1934ರ ನಡುವೆ ಒಂದೇ ಕೇರಿಯ ಮಕ್ಕಳು ಒಟ್ಟಿಗೆ 'ಪರಸ್ಥಳಕ್ಕೆ ಹೋದದ್ದರಿಂದ' ಬಿಟ್ಟಿದ್ದರೆ, ಆ ಮನೆಗಳ ಜಮೀನು ಜಪ್ತಿಯಾಗಿತ್ತೇ ಎಂದು ಹುಡುಕಿ. ಭಾಷಣದ ದೇಶಭಕ್ತಿಗಿಂತ ಆ ಒಂದು ಸಾಲು ಗಟ್ಟಿ.

ಏಳನೆಯದು ಮುಗಿಸಿದವರು ಮುಂದೆ ಎಲ್ಲಿ ಓದುತ್ತಿದ್ದರು?

ಬಹಳ ಮಂದಿ ಓದುತ್ತಿರಲಿಲ್ಲ. ಹೈಸ್ಕೂಲು ಇದ್ದದ್ದು ಕಾರವಾರ, ಕುಮಟಾ, ಶಿರಸಿಯಂಥ ಕೆಲವೇ ಕಡೆ. ಅಲ್ಲಿ ನೆಂಟರ ಮನೆಯಿದ್ದರೆ ಉಂಟು, ಇಲ್ಲದಿದ್ದರೆ ಮುಂಬಯಿಯ ಹೋಟೆಲು. ಈ ಗೋಡೆಯನ್ನು ಒಡೆದವರು ದಿನಕರ ದೇಸಾಯಿಯವರು. ಚುಟುಕು ಬರೆದವರೆಂದು ನಾಡೆಲ್ಲ ಬಲ್ಲ ಅವರು ರೈತರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಜಿಲ್ಲೆಯಿಂದ ಗಡೀಪಾರಾದವರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿಗಳಿಗೆ ಹತ್ತಿರವಾಗುವಂತೆ ಜನತಾ ವಿದ್ಯಾಲಯಗಳನ್ನು ತೆರೆದರು. ಗೋಪಾಲಕೃಷ್ಣ ಗೋಖಲೆಯವರ ಜನ್ಮಶತಮಾನದ ವರ್ಷ 1966ರಲ್ಲಿ ಅಂಕೋಲೆಗೆ ಅವರ ಹೆಸರಿನ ಕಾಲೇಜೂ ಬಂತು. ಗೇಣಿ ಒಕ್ಕಲಿನ ಮನೆಯ ಮಗ ಪದವೀಧರನಾದದ್ದು ಆ ಮೇಲಿನ ಮಾತು. ನಿಮ್ಮ ಪ್ರಾಥಮಿಕ ಶಾಲೆಯ ದಾಖಲೆಯಲ್ಲಿ 'ಮುಂದಿನ ವಿದ್ಯಾಭ್ಯಾಸಕ್ಕಾಗಿ' ಎಂಬ ಕಾರಣ ಯಾವ ವರ್ಷದಿಂದ ಹೆಚ್ಚುತ್ತ ಹೋಗುತ್ತದೆ ಎಂದು ನೋಡಿ. ಹತ್ತಿರದ ಹೈಸ್ಕೂಲು ತೆರೆದ ವರ್ಷವೂ ಅದೇ ಆಗಿರುತ್ತದೆ.

ಸೀಬರ್ಡ್ ಯೋಜನೆಗೆ ಊರೇ ಹೋಯಿತು. ನಾನು ಓದಿದ ಶಾಲೆಯ ದಾಖಲೆ ಎಲ್ಲಿ ಹುಡುಕಲಿ?

ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದು, ಕಾರವಾರ, ಅಂಕೋಲಾ ತಾಲೂಕಿನ ಕಡಲ ದಂಡೆಯ ಊರುಗಳು ಎದ್ದುಹೋದವು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಅತ್ತ ಸೂಪಾ ಅಣೆಕಟ್ಟಿನಲ್ಲಿ ಸೂಪಾ ಪೇಟೆಯೇ ಮುಳುಗಿತು. ಶಾಲೆ ಎದ್ದುಹೋದರೂ ದಾಖಲೆ ಪುಸ್ತಕ ಶಾಶ್ವತವಾಗಿ ಉಳಿಸಬೇಕಾದ ಕಡತ. ಮಕ್ಕಳನ್ನು ಯಾವ ಶಾಲೆಗೆ ಸೇರಿಸಿದರೋ ಸಾಮಾನ್ಯವಾಗಿ ಅಲ್ಲಿಗೆ ಹೋಗಿರುತ್ತದೆ. ಮೊದಲು ಪುನರ್ವಸತಿ ಕೇಂದ್ರದ ಶಾಲೆಯಲ್ಲಿ ಕೇಳಿ, ಇಲ್ಲವೆಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಲಿಖಿತ ಅರ್ಜಿ ಕೊಡಿ. ಕರಾವಳಿಯ ಐದು ತಾಲೂಕುಗಳು ಕಾರವಾರ ಶೈಕ್ಷಣಿಕ ಜಿಲ್ಲೆಗೆ, ಘಟ್ಟದ ಮೇಲಿನವು ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಸೂಪಾ ಕಡೆಯವರು ಕಾರವಾರಕ್ಕೆ ಅಲೆಯಬೇಡಿ.

ಶಾಲೆಗೆ ಜಾಗ ದಾನ ಕೊಟ್ಟವರ ಮೊಮ್ಮಕ್ಕಳು ಈಗ ತಕರಾರು ತೆಗೆಯುತ್ತಿದ್ದಾರೆ. ಏನು ನೋಡಬೇಕು?

ಹಿಂದೆ ದಾನ ಬಾಯಿಮಾತಿನಲ್ಲೇ ನಡೆದುಹೋಗುತ್ತಿತ್ತು. ಕಾನೂನಿನಂತೆ ಸ್ಥಿರಾಸ್ತಿಯ ದಾನಕ್ಕೆ ಇಬ್ಬರು ಸಾಕ್ಷಿಗಳಿರುವ ನೋಂದಾಯಿತ ಪತ್ರ ಬೇಕು. ಮೊದಲು ಪಹಣಿಯಲ್ಲಿ ಯಾರ ಹೆಸರಿದೆ ನೋಡಿ. ಶಾಲೆಯ ಹೆಸರಿದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ಉಪನೋಂದಣಿ ಕಚೇರಿಯಲ್ಲಿ ಹಳೆಯ ಪತ್ರ ಹುಡುಕಿಸಿ. ಅದೂ ಸಿಗದಿದ್ದರೆ ವಕೀಲರನ್ನು ಕಾಣುವ ಮೊದಲು ಆ ಮೊಮ್ಮಕ್ಕಳನ್ನೇ ಕಾಣಿ. ತಕರಾರಿನ ಮೂಲ ಎಷ್ಟೋ ಸಲ ಜಾಗವಲ್ಲ, ಶತಮಾನೋತ್ಸವದ ಆಮಂತ್ರಣದಲ್ಲಿ ಅಜ್ಜನ ಹೆಸರು ಬಿಟ್ಟುಹೋದದ್ದು.

ಮಕ್ಕಳು ಕಡಿಮೆ ಎಂದು ಶಾಲೆ ಮುಚ್ಚುವ ಮಾತಿದೆ. ಪಾಲಕರಿಗೆ ಏನಾದರೂ ಅಧಿಕಾರವಿದೆಯೇ?

ಇದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ 2001ರಿಂದ ಇದೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಐದನೆಯವರೆಗೆ ಅರವತ್ತು ಮಕ್ಕಳವರೆಗೂ ಇಬ್ಬರು ಶಿಕ್ಷಕರು ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಒಬ್ಬರೇ ಇದ್ದರೆ ಸಮಿತಿ ಠರಾವು ಮಾಡಿ ಕೇಳಬೇಕು. ಆದರೆ ಒಂದು ಕಹಿ ಮಾತು: ಶಾಲೆ ಉಳಿಸಲು ಮೆರವಣಿಗೆ ಮಾಡುವವರ ಮಕ್ಕಳನ್ನು ಪೇಟೆಯ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಒಯ್ಯುತ್ತಿದ್ದರೆ ಅಧಿಕಾರಿ ಕೇಳುವ ಮೊದಲ ಪ್ರಶ್ನೆಗೇ ಉತ್ತರವಿರುವುದಿಲ್ಲ.

## ಬರೆಯುವವರಿಗೆ, ಕಾಪಾಡುವವರಿಗೆ

ಶಾಲೆಯ ಇತಿಹಾಸ ಬರೆಯಲು ಎಲ್ಲಿಂದ ಸುರು ಮಾಡಲಿ?

ಜನರಲ್ ರಜಿಸ್ಟರಿನಿಂದ, ಅಂದರೆ ದಾಖಲೆ ಪುಸ್ತಕದಿಂದ. ಮಗುವಿನ ಹೆಸರು, ಜಾತಿ, ಹುಟ್ಟೂರು, ಜನ್ಮ ದಿನಾಂಕ, ಹಿಂದಿನ ಶಾಲೆ, ಸೇರಿದ ದಿನ, ಬಿಟ್ಟ ದಿನ, ಕಾರಣ ಎಲ್ಲವೂ ಒಂದೇ ಅಡ್ಡಸಾಲಿನಲ್ಲಿರುತ್ತವೆ. ಮೊದಲ ಹುಡುಗಿ ಯಾವಾಗ ಬಂದಳು, ಮೀನುಗಾರರ ಕೇರಿಯಿಂದ, ದಲಿತರ ಕೇರಿಯಿಂದ ಮೊದಲ ಮಗು ಯಾವಾಗ ಬಂತು, ಎಷ್ಟನೆಯ ಇಯತ್ತೆಗೆ ಬಿಟ್ಟಿತು, ಇವು ಇಲ್ಲಿ ಮಾತ್ರ ಸಿಗುತ್ತವೆ. ಶಾಲೆಯ ನಿಜವಾದ ಚರಿತ್ರೆ ಇದು. ಉಳಿದದ್ದು ಅಲಂಕಾರ.

ಆಮೇಲೆ ಭೇಟಿ ಪುಸ್ತಕ. ತಪಾಸಣೆಗೆ ಬಂದ ಅಧಿಕಾರಿಗಳು ಬರೆದ ಶೇರಾಗಳಲ್ಲಿ ಛಾವಣಿ ಸೋರುವುದರಿಂದ ಮೂರನೆಯವರ ಲೆಕ್ಕ ಕಚ್ಚಾ ಇರುವುದರವರೆಗೆ ಎಲ್ಲ ಇರುತ್ತದೆ. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆಯ ಬಳಿಕ ಶಾಲೆಗಳು ಸ್ಥಳೀಯ ಬೋರ್ಡುಗಳ ಕೈಗೆ ಬಂದವು. ಆದ್ದರಿಂದ ಸ್ಕೂಲ್ ಬೋರ್ಡಿನ ಪತ್ರವ್ಯವಹಾರ ಕಪಾಟಿನಲ್ಲಿ ಇದೆಯೇ ಹುಡುಕಿ. ಅದಕ್ಕೂ ಹಿಂದಿನದಕ್ಕೆ 1883ರಲ್ಲಿ ಅಚ್ಚಾದ ಮುಂಬಯಿ ಗ್ಯಾಜೆಟಿಯರಿನ ಕೆನರಾ ಸಂಪುಟದಲ್ಲಿ ಶಿಕ್ಷಣದ ಅಧ್ಯಾಯವಿದೆ.

ಹಿರಿಯರನ್ನು ಮಾತಾಡಿಸುವಾಗ 'ಆಗಿನ ಶಾಲೆ ಹೇಗಿತ್ತು' ಎಂದು ಕೇಳಬೇಡಿ, 'ಬಹಳ ಚೆನ್ನಾಗಿತ್ತು' ಎಂಬ ಉತ್ತರ ಸಿದ್ಧವಿರುತ್ತದೆ. ನೀವು ಎಲ್ಲಿ ಕೂರುತ್ತಿದ್ದಿರಿ, ಪಕ್ಕದಲ್ಲಿ ಯಾರಿದ್ದರು, ಜಗಲಿಯಲ್ಲಿ ಯಾರನ್ನು ಕೂರಿಸುತ್ತಿದ್ದರು, ಬಾವಿಯಿಂದ ನೀರು ಸೇದುವವರು ಯಾರಿದ್ದರು ಎಂದು ಕೇಳಿ.

ಹಳೆಯ ರಜಿಸ್ಟರು ಮುಟ್ಟಿದರೆ ಪುಡಿಯಾಗುತ್ತಿದೆ. ಲ್ಯಾಮಿನೇಷನ್ ಮಾಡಿಸೋಣವೇ?

ಖಂಡಿತ ಬೇಡ. ಒಮ್ಮೆ ಮಾಡಿದರೆ ಬಿಡಿಸಲಾಗದು, ನಮ್ಮ ಹವೆಯ ತೇವ ಒಳಗೇ ಸಿಕ್ಕಿಕೊಂಡು ಕಾಗದ ಬೇಗ ಹಾಳಾಗುತ್ತದೆ. ಸೆಲ್ಲೋಟೇಪನ್ನೂ ಹಚ್ಚಬೇಡಿ, ಅದರ ಅಂಟು ಕಂದಾಗಿ ಅಕ್ಷರವನ್ನೇ ನುಂಗುತ್ತದೆ. ಜೆರಾಕ್ಸ್ ಯಂತ್ರದ ಮೇಲೆ ಬೆನ್ನು ಒತ್ತಿದರೆ ಹೊಲಿಗೆ ಬಿಡುತ್ತದೆ. ಮುಖ್ಯಾಧ್ಯಾಪಕರ ಲಿಖಿತ ಒಪ್ಪಿಗೆ ಪಡೆದು, ಮಳೆಗಾಲ ಕಳೆದ ಮೇಲೆ, ಕಿಟಕಿಯ ಪಕ್ಕದ ಬೆಳಕಿನಲ್ಲಿ ಪುಟಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಖಾಲಿ ಪುಟವನ್ನೂ ಬಿಡಬೇಡಿ. ಕಡತದ ಹೆಸರಿನಲ್ಲಿ ಪುಟ ಸಂಖ್ಯೆ ಇರಲಿ. ಒಂದು ಪ್ರತಿ ಶಾಲೆಗೆ, ಒಂದು ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ. ಮೂಲ ಪುಸ್ತಕವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಕಬ್ಬಿಣದ ಕಪಾಟಿನ ಮೇಲಿನ ಹಲಗೆಯಲ್ಲಿಡಿ, ಗೆದ್ದಲು ಕೆಳಗಿನಿಂದ ಬರುತ್ತದೆ. ಮತ್ತೊಂದು ಮಾತು: ಬದುಕಿರುವವರ ಜಾತಿ, ಜನ್ಮ ದಿನಾಂಕ ಇರುವ ಪುಟಗಳನ್ನು ಸಂಚಿಕೆಯಲ್ಲಿ ಅಚ್ಚು ಹಾಕಿಸಬೇಡಿ. ಅವರು ಒಪ್ಪಿದರೆ ಹೆಸರಿನ ಸಾಲು ಸಾಕು.